ಸುಳ್ಳು ಪತ್ತೆ ಯಂತ್ರ ಹೇಳುವುದೆಲ್ಲ ಸತ್ಯವೇ?

ಯಾವುದಾದರೊಂದು ಕೊಲೆ ಪ್ರಕರಣದ ತನಿಖೆ ಎಳೆದಾಡತೊಡಗಿದರೆ ಸಾಕು, ಆರೋಪಿಯನ್ನು ಸುಳ್ಳು ಪತ್ತೆ ಪರೀಕ್ಷೆಗೆ ಒಳಪಡಿಸಿರಿ ಎಂಬ ಕೂಗು ಏಳುತ್ತದೆ. ಮನುಷ್ಯ ಸುಳ್ಳು ಹೇಳಬಹುದು, ಯಂತ್ರ ಹೇಳಲಾರದು ಎಂಬುದು ನಮ್ಮೆಲ್ಲರ ನಂಬಿಕೆ. ಈ ನಂಬಿಕೆಗೆ ವಿಜ್ಞಾನದ ಆಧಾರವೆಷ್ಟು?

ಒಳಗಿನ ಸತ್ಯಕ್ಕೆ ಹೊರಗಿನ ಸಾಕ್ಷಿ ಹುಡುಕುವ ಆಸೆ ಬಹಳ ಹಳೆಯದು. ಗದಗ ಸಮೀಪದ ಲಕ್ಕುಂಡಿಯ 1007ರ ಶಾಸನವು ದಾನಚಿಂತಾಮಣಿ ಅತ್ತಿಮಬ್ಬೆಯ ಮಹಿಮೆಗೆ ಗೋದಾವರಿಯ ಪ್ರವಾಹವೇ ತಡೆದು ನಿಂತಿತೆಂದು ಕೊಂಡಾಡುತ್ತದೆ. ವ್ಯಾಜ್ಯ ಬಂದಾಗ ಕಾದ ಕಬ್ಬಿಣ ಹಿಡಿದು ಸತ್ಯವಂತನೆಂದು ತೋರಿಸುವ ‘ದಿವ್ಯ’ವೂ ನಮ್ಮ ನಾಡಿನಲ್ಲಿತ್ತು. ಅಂದು ನೀರು, ಬೆಂಕಿ ನುಡಿದ ಸಾಕ್ಷಿಯನ್ನು ಇಂದು ಯಂತ್ರದಿಂದ ಕೇಳುತ್ತಿದ್ದೇವೆ.

1921ರಲ್ಲಿ ಅಮೆರಿಕದ ಬರ್ಕ್ಲಿ ನಗರದ ಪೊಲೀಸ್ ಅಧಿಕಾರಿ ಜಾನ್ ಲಾರ್ಸನ್ ರೂಪಿಸಿದ ಯಂತ್ರವೇ ಇಂದಿನ ಪಾಲಿಗ್ರಾಫಿನ ಮೂಲ. ಎದೆಗೆ ಕಟ್ಟಿದ ಪಟ್ಟಿ ಉಸಿರಾಟವನ್ನು, ತೋಳಿನ ಪಟ್ಟಿ ನಾಡಿಬಡಿತ ಮತ್ತು ರಕ್ತದೊತ್ತಡವನ್ನು, ಬೆರಳಿಗೆ ಜೋಡಿಸಿದ ತಂತಿ ಬೆವರನ್ನು ದಾಖಲಿಸುತ್ತದೆ. ಇಲ್ಲಿ ಒಂದು ಮಾತನ್ನು ನಾವು ಗಮನಿಸಬೇಕು. ಯಂತ್ರ ಅಳೆಯುವುದು ಸುಳ್ಳನ್ನಲ್ಲ, ದೇಹದ ತಳಮಳವನ್ನು. ಸುಳ್ಳಿಗೆಂದೇ ಮೀಸಲಾದ ಲಕ್ಷಣ ದೇಹದಲ್ಲಿಲ್ಲ. ಭಯ, ಅವಮಾನ, ಸಿಟ್ಟು ಯಾವುದಿದ್ದರೂ ಎದೆ ಬಡಿದುಕೊಳ್ಳುತ್ತದೆ. ನಿರಪರಾಧಿಯೂ ಬೆವರುತ್ತಾನೆ, ಪಳಗಿದ ಅಪರಾಧಿ ತಣ್ಣಗಿರುತ್ತಾನೆ. ಸೋವಿಯತ್ ಒಕ್ಕೂಟಕ್ಕೆ ಗುಟ್ಟು ಮಾರುತ್ತಿದ್ದ ಅಮೆರಿಕದ ಗುಪ್ತಚರ ಅಧಿಕಾರಿ ಆಲ್ಡ್ರಿಚ್ ಏಮ್ಸ್ 1986 ಮತ್ತು 1991ರಲ್ಲಿ ಈ ಪರೀಕ್ಷೆಗಳನ್ನು ದಾಟಿಕೊಂಡ. ಸಿಕ್ಕಿಬಿದ್ದದ್ದು 1994ರಲ್ಲಿ.

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2003ರಲ್ಲಿ ನೀಡಿದ ವರದಿ ಸಮತೋಲನದ್ದು. ನಿರ್ದಿಷ್ಟ ಘಟನೆಯೊಂದರ ವಿಚಾರಣೆಯಲ್ಲಿ ಈ ಪರೀಕ್ಷೆ ಬರೀ ಊಹೆಗಿಂತ ಎಷ್ಟೋ ಮೇಲು, ಆದರೆ ಪರಿಪೂರ್ಣತೆಗಿಂತ ಬಹಳ ಕೆಳಗೆ ಎಂದಿತು. ವರದಿ ಕೊಟ್ಟ ಲೆಕ್ಕವನ್ನೇ ನೋಡೋಣ. 10,000 ನೌಕರರಲ್ಲಿ 10 ಮಂದಿ ಗೂಢಚಾರರಿದ್ದಾರೆ ಎನ್ನೋಣ. ಅವರಲ್ಲಿ 8 ಮಂದಿಯನ್ನು ಹಿಡಿಯುವಷ್ಟು ಬಿಗಿಯಾಗಿ ಪರೀಕ್ಷೆ ನಡೆಸಿದರೆ, ಅವರೊಂದಿಗೆ ಸುಮಾರು 1,600 ನಿರಪರಾಧಿಗಳೂ ಸುಳ್ಳರೆನಿಸಿಕೊಳ್ಳುತ್ತಾರೆ!

ನಮ್ಮ ದೇಶದ ಕಾನೂನಿನಲ್ಲಿ ಈ ಪ್ರಶ್ನೆಗೆ ಉತ್ತರ ದೊರೆತದ್ದು ಕರ್ನಾಟಕದ ಪ್ರಕರಣವೊಂದರಿಂದ. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2010ರ ಮೇ 5ರಂದು ತೀರ್ಪಿತ್ತಿತು. ಸುಳ್ಳು ಪತ್ತೆ, ಮಂಪರು ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಯಾವುದನ್ನೂ ಒಪ್ಪಿಗೆಯಿಲ್ಲದೆ ನಡೆಸುವಂತಿಲ್ಲ. ಅದು ಸಂವಿಧಾನದ 20(3) ಮತ್ತು 21ನೇ ವಿಧಿಗಳ ಉಲ್ಲಂಘನೆ ಎಂದಿತು. ಒಪ್ಪಿಗೆಯಿಂದ ನಡೆದ ಪರೀಕ್ಷೆಯ ಫಲಿತಾಂಶವೂ ತಾನಾಗಿ ಸಾಕ್ಷ್ಯವಾಗದು. ಅದರ ನೆರವಿನಿಂದ ಮುಂದೆ ಪತ್ತೆಯಾದ ವಸ್ತುವನ್ನಷ್ಟೇ ನ್ಯಾಯಾಲಯ ಪರಿಗಣಿಸಬಹುದು. ಆರೋಪಿಗೆ ವಕೀಲರ ನೆರವು ಸಿಗಬೇಕು, ಒಪ್ಪಿಗೆ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು ಎಂಬ ಮಾನವ ಹಕ್ಕುಗಳ ಆಯೋಗದ 2000ದ ಮಾರ್ಗಸೂಚಿಯನ್ನು ಪಾಲಿಸುವಂತೆಯೂ ಸೂಚಿಸಿತು. 2025ರ ಜೂನ್‌ನಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಎಲ್ಲ ಆರೋಪಿಗಳಿಗೂ ಮಂಪರು ಪರೀಕ್ಷೆ ನಡೆಸುವ ಪ್ರಸ್ತಾಪಕ್ಕೆ ಹೈಕೋರ್ಟ್ ಸಮ್ಮತಿಸಿದಾಗ, ಸುಪ್ರೀಂ ಕೋರ್ಟ್ ಇದೇ ನಿಲುವನ್ನು ಎತ್ತಿಹಿಡಿಯಿತು.

ಆದರೆ ಕಾಗದದ ಮೇಲಿನ ಒಪ್ಪಿಗೆ ನಿಜವಾದ ಒಪ್ಪಿಗೆಯೇ? ಠಾಣೆಯಲ್ಲಿ ಕುಳಿತ ಬಡವನಿಗೆ ‘ತಪ್ಪು ಮಾಡಿಲ್ಲವಾದರೆ ಹೆದರಿಕೆಯೇಕೆ?’ ಎಂದರೆ ಆತ ಏನೆಂದು ಉತ್ತರಿಸಬೇಕು? ಒಲ್ಲೆನೆಂದರೆ ಅಪರಾಧಿ ಎಂದು ಊರೇ ತೀರ್ಮಾನಿಸುತ್ತದೆ; ಒಪ್ಪಿದರೆ ಆತನ ಹೆದರಿಕೆಯೇ ಆತನ ವಿರುದ್ಧ ನುಡಿಯುತ್ತದೆ. ‘ಪರೀಕ್ಷೆಯಲ್ಲಿ ಸಿಕ್ಕಿಬಿದ್ದ’ ಎಂಬ ಸುದ್ದಿ ಹಬ್ಬಿದ ಮೇಲೆ ನ್ಯಾಯಾಲಯ ಬಿಡುಗಡೆ ಮಾಡಿದರೂ ಕಳಂಕ ತೊಳೆಯದು.

ಹಾಗೆಂದು ಸಂತ್ರಸ್ತ ಕುಟುಂಬದ ನೋವನ್ನು ನಾವು ಕಡೆಗಣಿಸುತ್ತಿಲ್ಲ. ಅವರಿಗೆ ನಿಜವಾದ ಅಪರಾಧಿ ಸಿಗಬೇಕು, ಯಾರೋ ಒಬ್ಬ ಹೆದರಿದ ಮನುಷ್ಯನಲ್ಲ. ಅದಕ್ಕೆ ಬೇಕಾದದ್ದು ಸ್ಥಳ ಪರಿಶೀಲನೆ, ಸಾಕ್ಷಿಗಳ ವಿಚಾರಣೆ, ವಸ್ತುಗಳ ಸಂಗ್ರಹಣೆ ಎಂಬ ತಾಳ್ಮೆಯ ತನಿಖೆ. ಪರೀಕ್ಷೆಗೆ ಒತ್ತಾಯಿಸುವ ಮುನ್ನ ಆ 1,600 ಮಂದಿಯನ್ನು ನೆನೆಯೋಣ. ಅವರಲ್ಲೊಬ್ಬರು ನಮ್ಮ ಮನೆಯವರೂ ಆಗಿರಬಹುದು.