ನಗುವಿನ ಬೆಡಗು, ಹಲ್ಲಿನ ಬಾಳಿಕೆ

ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆಯಿಲ್ಲ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಕಡಲೆ ದೊರೆತ ಕಾಲಕ್ಕೂ ಹಲ್ಲು ಉಳಿದಿರಲೆಂದು ಮಾಡಬೇಕಾದುದನ್ನು ಮಾತ್ರ ನಾಳೆಗೆ ತಳ್ಳುತ್ತೇವೆ.

ಮನೆಯಲ್ಲಿ ಮದುವೆಯ ಮಾತು ಬಂದೊಡನೆ ಹಲ್ಲು ಬೆಳ್ಳಗಾಗಿಸುವ ಸಡಗರ ಏಳುತ್ತದೆ. ಇದ್ದಿಲು, ಉಪ್ಪು, ನಿಂಬೆರಸ ಎಲ್ಲದರಿಂದಲೂ ಉಜ್ಜಿದ್ದಾಗುತ್ತದೆ. ಆದರೆ ಹಲ್ಲಿನ ಮೇಲಿರುವ ಎನಾಮಲ್ ಎಂಬ ಗಟ್ಟಿ ಹೊದಿಕೆ ಒಮ್ಮೆ ಸವೆದರೆ ಮತ್ತೆ ಬೆಳೆಯದು. ಅದರಡಿಯ ಪದರವೋ ಹುಟ್ಟಿನಿಂದಲೇ ಹಳದಿ. ಹೀಗೆ ಬಿಳುಪಿಗೆಂದು ಉಜ್ಜಿದಷ್ಟೂ ಹಳದಿ ಇಣುಕುತ್ತದೆ, ತಣ್ಣೀರು ತಾಕಿದರೆ ಹಲ್ಲು ಜುಮ್ಮೆನ್ನುತ್ತದೆ.

ಮಹಾರಾಷ್ಟ್ರದಲ್ಲಿ ನೆಲೆಸಿದ ನಮ್ಮ ಕೆಲವರು ಮಿಶ್ರಿಗೂ ಒಗ್ಗಿದ್ದಾರೆ. ಅದು ಹುರಿದು ಪುಡಿಮಾಡಿದ ಹೊಗೆಸೊಪ್ಪು. ಬಾಯಿಯ ಕ್ಯಾನ್ಸರಿಗೆ ದಾರಿ. ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗ 2004ರ ಗ್ರಂಥದಲ್ಲಿ ಸಾರಿದೆ. ಬಾಯಿಯ ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು.

ನಿತ್ಯದ ಕ್ರಮ ಸುಲಭ. ಬೆಳಿಗ್ಗೆಯೂ ಮಲಗುವ ಮುನ್ನವೂ ಮೃದುವಾದ ಬ್ರಷ್, ಫ್ಲೋರೈಡ್ ಇರುವ ಪೇಸ್ಟಿನಿಂದ 2 ನಿಮಿಷ ಉಜ್ಜಿದರಾಯಿತು. 3ರಿಂದ 6 ವರ್ಷದ ಮಕ್ಕಳಿಗೆ ಬಟಾಣಿ ಕಾಳಿನಷ್ಟು ಪೇಸ್ಟು ಸಾಕು. ತಾಯಂದಿರು ಒಂದನ್ನು ನೆನಪಿಡಬೇಕು: 6 ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಮೂಡುವ ದವಡೆಹಲ್ಲು ಶಾಶ್ವತವಾದುದು. ಹಾಲುಹಲ್ಲೆಂದು ಉದಾಸೀನ ಮಾಡಿ ಅದನ್ನು ಹುಳುಕಿಗೆ ಬಿಟ್ಟರೆ ಮತ್ತೊಂದು ಹುಟ್ಟದು.

ದಂತವೈದ್ಯರು ಪಾಚಿ ತೆಗೆದರೆ ಹಲ್ಲು ಸಡಿಲವಾಗುವುದೆಂಬ ಭಯ ಬೇಡ. ವಸಡನ್ನು ಸಡಿಲಿಸುವುದು ಆ ಪಾಚಿಯೇ. ಇನ್ನು ಬ್ರಷ್ಷಿನ ಆಯುಷ್ಯ ಮೂರು ತಿಂಗಳು. ನಮ್ಮ ಸಂಚಿಕೆ ಕೈಸೇರಿದಾಗಲೆಲ್ಲ ಹಳೆಯದನ್ನು ಬದಲಿಸಿಬಿಡೋಣ.