ಮತ್ತೊಂದು ಬಯಾಪ್ಸಿ ಬೇಡವೇ?

ಸ್ತನ ಕ್ಯಾನ್ಸರ್ ಗೆದ್ದವರ ಶ್ವಾಸಕೋಶದಲ್ಲಿ ಕೆಲ ವರ್ಷಗಳ ಬಳಿಕ ಗಡ್ಡೆ ಕಂಡರೆ, ‘ಹಳೇದೇ ಹರಡಿದೆ, ಮತ್ತೆ ಬಯಾಪ್ಸಿ ಯಾಕೆ’ ಎನ್ನುವ ನೆಂಟರೇ ಹೆಚ್ಚು. ನನಗೆ ಈ ಮಾತು ಒಪ್ಪಿಗೆಯಿಲ್ಲ. ಅದು ಶ್ವಾಸಕೋಶದಲ್ಲೇ ಹುಟ್ಟಿದ ಬೇರೆ ಕ್ಯಾನ್ಸರ್ ಇರಬಹುದು. ಸ್ಕ್ಯಾನ್ ಒಂದರಿಂದ ಖಚಿತವಾಗದು. ಗಡ್ಡೆಯ ಚೂರಿಗೆ ಬಣ್ಣ ಹಾಕಿ ಪ್ರೋಟೀನ್ ಗುರುತು ಹುಡುಕುವ ಐಎಚ್‌ಸಿ ಪರೀಕ್ಷೆ ಬೇಕು. ಗಾಟಾ–3 ಕಂಡರೆ ಅನುಮಾನ ಸ್ತನದತ್ತ, ಟಿಟಿಎಫ್–1 ಕಂಡರೆ ಶ್ವಾಸಕೋಶದತ್ತ. ಒಂದನ್ನೇ ನಂಬುವಂತಿಲ್ಲ, ಗಾಟಾ–3 ಮೂತ್ರಕೋಶದ ಕ್ಯಾನ್ಸರಿನಲ್ಲೂ ಇರುತ್ತದೆ. ಹಳೆಯದೇ ಹರಡಿದ್ದರೂ ಇಆರ್, ಹರ್–2 ಗುರುತುಗಳು ಬದಲಾಗಿರಬಹುದು. ಔಷಧದ ಆಯ್ಕೆ ನಿಂತಿರುವುದೇ ಅವುಗಳ ಮೇಲೆ.

ಜ್ಞಾನಭಾರತಿಯಿಂದ ಮೆಟ್ರೊ ಹಿಡಿದು ಕಿದ್ವಾಯಿಗೆ ಫೈಲ್ ಹೊತ್ತೊಯ್ಯುವವರು ನಮ್ಮಂಥ ಓದುವ ಮಕ್ಕಳೇ. ಮೊದಲ ಗಡ್ಡೆಯನ್ನು ಮೇಣದಲ್ಲಿ ಕಾಪಿಟ್ಟ ಬ್ಲಾಕ್ ಯಾವ ಲ್ಯಾಬಿನಲ್ಲಿದೆ ಎಂದು ಅದರಲ್ಲೇ ಬರೆದಿಡಿ. ಹೊಸ ಚೂರಿನೊಂದಿಗೆ ಹೋಲಿಸಲು ಅದು ಬೇಕಾಗುತ್ತದೆ.