ಮನೆ ರಿಪೇರಿ: ನಾವೇ ಮಾಡೋದಾ, ಆಳು ಕರೆಯೋದಾ? ಇದು ಬರೀ ದುಡ್ಡಿನ ಲೆಕ್ಕವಲ್ಲ

ಕಳೆದ ದಸರಾ ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಮನೆಯ ಒಂದು ಕೋಣೆಗೆ ನಾನೇ ಬಣ್ಣ ಹೊಡೆದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಸಣ್ಣ ಕೋಣೆ. ಯೂಟ್ಯೂಬಿನಲ್ಲಿ ಹನ್ನೆರಡು ನಿಮಿಷಕ್ಕೆ ಮುಗಿದ ಕೆಲಸ ನನಗೆ ನಾಲ್ಕು ದಿನ ಹಿಡಿಯಿತು. ಎರಡನೇ ದಿನ ಪಕ್ಕದ ಮನೆಯ ಅಜ್ಜ ಕಿಟಕಿಯಲ್ಲಿ ಇಣುಕಿ, ‘ಯಾಕಪ್ಪಾ, ಆಳು ಸಿಗ್ಲಿಲ್ವಾ?’ ಅಂದರು. ಮರುಕದಿಂದಲೇ ಕೇಳಿದ್ದು. ಡಿಗ್ರಿ ಓದಿದವನು ಕೈಯಲ್ಲಿ ಪಟ್ಟಿ ಹಿಡಿದು ಗೋಡೆ ಕೆರೆಯುತ್ತಿದ್ದಾನೆ ಅಂದರೆ ಏನೋ ತಾಪತ್ರಯ ಇರಬೇಕು ಅನ್ನೋದು ಅವರ ಲೆಕ್ಕ.

ಆ ಪ್ರಶ್ನೆ ತಲೆಯಲ್ಲಿ ಉಳಿಯಿತು. ಅಮೆರಿಕ, ಯೂರೋಪಿನಲ್ಲಿ ಮಧ್ಯಮ ವರ್ಗದವರು ವಾರಾಂತ್ಯದಲ್ಲಿ ತಮ್ಮ ಮನೆಯ ಟೈಲ್ಸ್ ತಾವೇ ಹಾಕಿಕೊಳ್ಳುತ್ತಾರೆ. ಅಲ್ಲಿ ಕೂಲಿ ದುಬಾರಿ, ಹಾಗಾಗಿ ಕೈಕೆಲಸ ಕಲಿಯಲೇಬೇಕು. ನಮ್ಮಲ್ಲಿ ಕೂಲಿ ಅಗ್ಗ. ಜೊತೆಗೆ ಕೈಕೆಲಸಕ್ಕೆ ಜಾತಿಯ ಗುರುತು ಅಂಟಿಕೊಂಡಿದೆ. ಕಲ್ಲು, ಗಾರೆ, ಮರ, ಮೋರಿ ಯಾರ ಕೈಗೆ ಅಂತ ಇಲ್ಲಿ ಹುಟ್ಟಿಗೂ ಮುಂಚೆಯೇ ಹಂಚಿಕೆಯಾಗಿತ್ತು. ಕಾಯಕದ ಬಗ್ಗೆ ಹನ್ನೆರಡನೇ ಶತಮಾನದಿಂದ ಮಾತಾಡುತ್ತಾ ಬಂದ ನಾಡಿನಲ್ಲಿ ಇಂದಿಗೂ ಬ್ರಷ್ ಹಿಡಿಯುವುದಕ್ಕೆ ಸಮಜಾಯಿಷಿ ಕೊಡಬೇಕು.

ಹಾಗಂತ ‘ಎಲ್ಲವನ್ನೂ ನಾವೇ ಮಾಡಿಕೊಳ್ಳೋಣ’ ಅಂದುಬಿಡುವುದೂ ಅಷ್ಟು ಸರಳವಲ್ಲ. ‘ನೀವೇ ಮಾಡಿಕೊಂಡರೆ ಬಡವರ ಹೊಟ್ಟೆಗೆ ಹೊಡೆದ ಹಾಗೆ’ ಅನ್ನುವ ವಾದವೂ ಇದೆ. ಕೂಲಿ ಕೊಟ್ಟು ಕೆಲಸ ಮಾಡಿಸುವುದು ದಾನವಲ್ಲ, ವ್ಯವಹಾರ. ಆದ್ದರಿಂದ ಆ ವಾದ ನನಗೆ ಪೊಳ್ಳು ಅನಿಸುತ್ತದೆ. ನಿರ್ಧರಿಸಲು ಬೇರೆ ಎರಡು ಪ್ರಶ್ನೆಗಳಿವೆ. ತಪ್ಪಾದರೆ ಸರಿ ಮಾಡಬಹುದಾ? ಅಪಾಯ ಯಾರ ಮೈಮೇಲೆ ಬೀಳುತ್ತೆ?

ಎಲ್ಲಿ ಕೈ ಹಾಕಬಹುದು, ಎಲ್ಲಿ ಬೇಡ

ಬಣ್ಣ ತಪ್ಪಾದರೆ ಮತ್ತೆ ಬಳಿಯಬಹುದು. ಬಾಗಿಲ ಚಿಲಕ, ನಲ್ಲಿಯ ವಾಷರ್, ಗೋಡೆಯ ಸಣ್ಣ ಬಿರುಕಿಗೆ ಪುಟ್ಟಿ, ಶೆಲ್ಫ್ ಕೂರಿಸುವುದು ಎಲ್ಲ ಇದೇ ಸಾಲಿಗೆ ಸೇರುತ್ತವೆ. ಒಂದು ಎಚ್ಚರಿಕೆ ಮಾತ್ರ ಬೇಕು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸದ ಪ್ರಮಾಣವನ್ನು 90 ಪಿಪಿಎಂಗೆ ಮಿತಿಗೊಳಿಸಿದ ನಿಯಮ ಬಂದಿದ್ದೇ 2016ರಲ್ಲಿ. ಅದಕ್ಕಿಂತ ಹಳೆಯ ಮನೆಯ ಬಾಗಿಲು, ಕಿಟಕಿಯ ಬಣ್ಣದ ಪದರಗಳಲ್ಲಿ ಸೀಸ ಇರಬಹುದು. ಅದನ್ನು ಒಣಗಿದ ಹಾಗೇ ಉಜ್ಜಿದರೆ ಧೂಳು ಮಕ್ಕಳ ಹೊಟ್ಟೆ ಸೇರುತ್ತದೆ. ಒದ್ದೆ ಮಾಡಿ ಉಜ್ಜಬೇಕು.

ವಾಟರ್‌ಪ್ರೂಫಿಂಗ್ ಕಥೆ ಬೇರೆ. ಬಾತ್‌ರೂಮಿಗೆ ಟೈಲ್ಸ್ ಹಾಕುವ ಮೊದಲು ನೀರು ನಿಲ್ಲಿಸಿ ಒಂದೆರಡು ದಿನ ಸೋರಿಕೆ ನೋಡಬೇಕು. ಅದನ್ನು ಬಿಟ್ಟರೆ ತಪ್ಪು ಗೊತ್ತಾಗುವುದು ಮುಂದಿನ ವರ್ಷ, ಕೆಳಗಿನ ಮನೆಯವರ ಸೀಲಿಂಗಿನಲ್ಲಿ. ಇಲ್ಲಿ ನುರಿತವರನ್ನೇ ಕರೆಯಿರಿ, ಆದರೆ ನೀರು ನಿಲ್ಲಿಸುವಾಗ ನೀವೂ ಪಕ್ಕದಲ್ಲಿರಿ. ಹೊಸ ವೈರಿಂಗ್‌ಗೆ ಲೈಸೆನ್ಸ್ ಇರುವವರೇ ಬೇಕು. ಎರಡು ಕೋಣೆ ಒಂದು ಮಾಡಲು ಗೋಡೆ ಒಡೆಯುವುದಿದ್ದರೆ, ಆ ಗೋಡೆ ಮೇಲಿನ ಭಾರ ಹೊತ್ತಿದೆಯಾ ಅಂತ ಎಂಜಿನಿಯರ್ ನೋಡಬೇಕು. ಈ ವಿಷಯದಲ್ಲಿ ಮೇಸ್ತ್ರಿಯ ‘ಏನೂ ಆಗಲ್ಲ ಸಾರ್’ ಕೂಡ ಸಾಲದು.

ಇನ್ನೊಂದು ಬಗೆಯ ಕೆಲಸವಿದೆ. ಅದನ್ನು ನಾವೂ ಮಾಡಬಾರದು, ಆಳನ್ನೂ ಇಳಿಸಬಾರದು. ಟಾಯ್ಲೆಟ್ ನವೀಕರಣ ಅಂದ ಕೂಡಲೇ ಹಳೇ ಪಿಟ್ ಖಾಲಿ ಮಾಡಿಸುವ ಮಾತು ಬರುತ್ತದೆ. ‘ಒಬ್ಬನನ್ನು ಕರೆಸ್ತೀನಿ, ರಾತ್ರಿ ಬಂದು ಮಾಡಿಕೊಟ್ಟು ಹೋಗ್ತಾನೆ’ ಅನ್ನುವವರು ಈಗಲೂ ಇದ್ದಾರೆ. ರಕ್ಷಣಾ ಸಲಕರಣೆ ಇಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು. ಸಕ್ಕಿಂಗ್ ಮೆಷಿನ್ ಬರುವವರೆಗೆ ಕಾಯಬೇಕು, ಅಷ್ಟೇ.

ಕಾನೂನು ನಮ್ಮ ಗೇಟಿನ ಹೊರಗೇ ನಿಲ್ಲುತ್ತದೆ

ಆಳು ಕರೆಯುವುದು ಅಂತ ತೀರ್ಮಾನಿಸಿದ ಮೇಲಿನ ಮಾತನ್ನು ನಾವು ಆಡುವುದೇ ಕಡಿಮೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆಗೆ ಅನ್ವಯವಾಗುತ್ತಿತ್ತು. ಸ್ವಂತ ವಾಸಕ್ಕೆ ಕಟ್ಟಿಕೊಳ್ಳುವ, 10 ಲಕ್ಷ ರೂಪಾಯಿ ಮೀರದ ಕೆಲಸವನ್ನು ಅದು ಹೊರಗಿಟ್ಟಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಈ ಮಿತಿಯನ್ನು 50 ಲಕ್ಷಕ್ಕೆ ಏರಿಸಿತು. ಸಣ್ಣ ಊರುಗಳಲ್ಲಿ ಅಷ್ಟು ದುಡ್ಡಿಗೆ ಇಡೀ ಮನೆಯೇ ಎದ್ದು ನಿಲ್ಲುತ್ತದೆ. ಅಂದರೆ ಬಹುತೇಕ ಎಲ್ಲ ಮನೆ ರಿಪೇರಿ, ಸಾಕಷ್ಟು ಹೊಸ ಮನೆಗಳು ಸಹ ಸೆಸ್‌ನಿಂದ ಹೊರಗೆ.

ಯಾವ ಸೆಸ್? ನಿರ್ಮಾಣ ವೆಚ್ಚದ ಶೇ. 1ರಷ್ಟು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಪಿಂಚಣಿ, ಅಪಘಾತ ಪರಿಹಾರ, ಮಕ್ಕಳ ಓದಿನ ನೆರವು ಎಲ್ಲ ಬರುವುದು ಆ ಹಣದಿಂದ. ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ದೊಡ್ಡ ಅಪಾರ್ಟ್‌ಮೆಂಟ್ ಸೈಟಿನಲ್ಲಿ ಅದಕ್ಕೆ ಸಹಿ ಹಾಕಲು ಗುತ್ತಿಗೆದಾರನಾದರೂ ಇರುತ್ತಾನೆ. ಇಂದು ನಿಮ್ಮ ಮನೆ, ನಾಳೆ ಪಕ್ಕದ ಬೀದಿ ಅಂತ ಅಲೆಯುವ ಪೇಂಟರ್, ಟೈಲ್ಸ್‌ನವರು, ಕೈಯಾಳು ಹೆಂಗಸರು ಯಾರ ಬಾಗಿಲು ತಟ್ಟಬೇಕು? ಅತ್ತ ಕಟ್ಟಡ ಕೆಲಸವನ್ನೇ ಮಾಡದವರ ಹೆಸರಲ್ಲಿ ಬೋಗಸ್ ಕಾರ್ಡುಗಳು, ಇತ್ತ ನಿಜವಾಗಿ ಗಾರೆ ಕಲಸಿದವರಿಗೆ ಕಾರ್ಡೇ ಇಲ್ಲ.

ಆ್ಯಪ್‌ನಲ್ಲಿ ಬುಕ್ ಮಾಡಿದ ಪ್ಲಂಬರ್‌ಗಾದರೂ 2025ರಲ್ಲಿ ಕರ್ನಾಟಕ ತಂದ ಗಿಗ್ ಕಾರ್ಮಿಕರ ಕಾಯ್ದೆಯಿದೆ. ಪ್ರತಿ ವಹಿವಾಟಿನ ಮೇಲೆ ಪ್ಲಾಟ್‌ಫಾರ್ಮ್‌ಗಳು ಶೇ. 1ರಿಂದ 5ರಷ್ಟು ಕಲ್ಯಾಣ ಶುಲ್ಕ ಕಟ್ಟುವ ವ್ಯವಸ್ಥೆ ಅದರಲ್ಲಿದೆ. ಬೆಳಿಗ್ಗೆ ಸರ್ಕಲ್‌ನಲ್ಲಿ ಬುತ್ತಿ ಹಿಡಿದು ನಿಲ್ಲುವವರಿಗೆ ಅದೂ ಇಲ್ಲ. ಯಾದಗಿರಿ, ರಾಯಚೂರಿನಿಂದ ಬಂದು ಬೆಂಗಳೂರಿನ ಶೆಡ್‌ಗಳಲ್ಲಿ ಬದುಕುವವರು ಇವರೇ. 2020ರ ಮೇನಲ್ಲಿ ಬಿಲ್ಡರ್‌ಗಳ ಜೊತೆ ಸಭೆ ನಡೆಸಿದ ಬೆನ್ನಲ್ಲೇ ರಾಜ್ಯ ಸರ್ಕಾರ ಶ್ರಮಿಕ್ ರೈಲುಗಳನ್ನು ನಿಲ್ಲಿಸಲು ಹೊರಟಿದ್ದು ನೆನಪಿದೆಯಾ? ಟೀಕೆ ಬಂದ ಮೇಲಷ್ಟೇ ಹಿಂದೆ ಸರಿಯಿತು. ಆಗ ಅಲ್ಲಿ ಕಟ್ಟಡಕ್ಕೆ ಸಿಮೆಂಟ್ ಹೇಗೋ, ಬಿಹಾರ-ಉತ್ತರ ಪ್ರದೇಶದ ಕಾರ್ಮಿಕರೂ ಹಾಗೇ ‘ಸಾಮಗ್ರಿ’ ಆಗಿದ್ದರು.

ಮನೆ ಮಾಲೀಕನೇ ಲೇಬರ್ ಇನ್‌ಸ್ಪೆಕ್ಟರ್

ಕಾನೂನು ಒಳಗೆ ಬರದ ಜಾಗದಲ್ಲಿ ಉಳಿಯುವುದು ಮಾಲೀಕರ ನಡತೆ. ಅಲ್ಲಿ ನಮ್ಮ ರಾಜಕೀಯದ ನಿಜವಾದ ಪರೀಕ್ಷೆ ಇದೆ. ಫೇಸ್‌ಬುಕ್ಕಿನಲ್ಲಿ ಕಾರ್ಮಿಕ ದಿನದ ಪೋಸ್ಟ್ ಹಾಕುವ ನಾವೇ ಮೇಸ್ತ್ರಿಯ ಹತ್ತಿರ ಐವತ್ತು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುತ್ತೇವೆ. ಆ ಐವತ್ತು ಮೇಸ್ತ್ರಿಯ ಜೇಬಿನಿಂದ ಹೋಗುವುದಿಲ್ಲ. ಮರಳು ಹೊರುವ ಹೆಂಗಸಿನ ಕೂಲಿಯಲ್ಲಿ ಕಡಿತವಾಗುತ್ತದೆ. ಅವಳ ಕೂಲಿ ಮೊದಲೇ ಗಂಡಾಳಿಗಿಂತ ಕಡಿಮೆ.

ಇನ್ನು ಟೈಲ್ಸ್ ಕತ್ತರಿಸುವಾಗ ಏಳುವ ಬಿಳಿ ಧೂಳು. ಅದರಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಕೂತರೆ ವಾಸಿಯಾಗದ ಕಾಯಿಲೆ ಸಿಲಿಕೋಸಿಸ್ ಬರುತ್ತದೆ. ನೀರು ಹಾಯಿಸುತ್ತಾ ಕತ್ತರಿಸಿದರೆ ಧೂಳು ಬಹಳ ಕಡಿಮೆ. ಆದರೆ ‘ನೆಲವೆಲ್ಲಾ ರಾಡಿಯಾಗುತ್ತೆ, ಒಣದೇ ಕತ್ತರಿಸಿ’ ಅಂತ ನಾವೇ ಹೇಳುತ್ತೇವೆ. ಎಂಟು ಗಂಟೆ ದುಡಿಯುವ ಹೆಂಗಸಿಗೆ ನಮ್ಮ ಮನೆಯ ಟಾಯ್ಲೆಟ್ ಬಳಸಲು ಬಿಡುವುದಿಲ್ಲ. ಅದೇ ಟಾಯ್ಲೆಟ್ಟಿಗೆ ಟೈಲ್ಸ್ ಹೊತ್ತವಳು ಅವಳೇ. ಚಹಾ ಕೊಡಲು ಪೇಪರ್ ಕಪ್ ತರಿಸಿದರೆ ಬೇರೆ ಲೋಟದ ಮುಜುಗರವೂ ತಪ್ಪುತ್ತದೆ!

ಮಾಡಬೇಕಾದ್ದು ದೊಡ್ಡದೇನಲ್ಲ. ಕೆಲಸ, ದಿನ, ಕೂಲಿ ಒಂದು ಹಾಳೆಯಲ್ಲಿ ಬರೆಯಿರಿ. ಎಷ್ಟು ದಿನ ಕೆಲಸವಾಯಿತು ಅಂತ ಪ್ರತಿಯೊಬ್ಬರಿಗೂ ಸಹಿ ಹಾಕಿ ಕೊಡಿ. ಹೆಂಗಸಿಗೆ ಎಷ್ಟು ಕೊಡುತ್ತಾರೆ ಅಂತ ಮೇಸ್ತ್ರಿಯನ್ನು ಕೇಳಿ. ಮಾಸ್ಕ್ ತಂದಿಡಿ. ಇದರ ಜೊತೆಗೆ ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆಯೂ ಇದೆ. ಆ್ಯಪ್‌ನವರಿಂದ ಶುಲ್ಕ ವಸೂಲಿ ಮಾಡಲು ದಾರಿ ಕಂಡುಕೊಂಡ ರಾಜ್ಯ, ಮನೆ ಕೆಲಸಗಳಿಗೂ ಒಂದು ಸಣ್ಣ ಪಾಲಿನ ದಾರಿ ಹುಡುಕಲಿ. ವಾರ್ಡ್ ಮಟ್ಟದಲ್ಲೇ ದಿನಗೂಲಿಯವರ 90 ದಿನ ದಾಖಲಾಗುವ ವ್ಯವಸ್ಥೆ ಬರಲಿ.

ನಾನು ಬಳಿದ ಗೋಡೆ ಈಗಲೂ ಪಟ್ಟೆಪಟ್ಟೆಯಾಗಿದೆ. ನಾಲ್ಕು ದಿನ ಕತ್ತೆತ್ತಿ ಸೀಲಿಂಗ್ ಬಳಿದು ಭುಜ ಬಿದ್ದುಹೋದ ಮೇಲೆ, ಹಾಲ್‌ಗೆ ಬಣ್ಣ ಹೊಡೆಯಲು ಕರೆದ ಪೇಂಟರ್ ಅಣ್ಣ ಕೂಲಿ ಎಷ್ಟು ಅಂತ ಹೇಳಿದಾಗ ಚೌಕಾಸಿ ಮಾಡಲು ಬಾಯಿ ಬರಲಿಲ್ಲ.